ನೋಂಬಿನ ದಿನ ಆಡದ ಮಾತು

ಕುಂಬಳೆ
10 ಜನವರಿ 2025

ಪ್ರೀತಿಯ ವೆರೊನಿಕಾ ಅವರಿಗೆ,

ಹಸೈನಾರ್ ಟೈಲರ್ ಮಾಡುವ ಸಲಾಂ. ಯಾವ ಹಸೈನಾರ್ ಎಂದು ಹುಬ್ಬು ಗಂಟಿಕ್ಕಬೇಡಿ. ಕುಂಬಳೆ ಪೇಟೆಯಲ್ಲಿ ಬದಿಯಡ್ಕದ ಬಸ್ಸು ನಿಲ್ಲುವಲ್ಲಿ ನೀವು ಏಳು ವರ್ಷ ಹೊಲಿಗೆ ಮೆಷಿನ್ ತುಳಿದ ಅಂಗಡಿಯ ಹಸೈನಾರ್. ಗಡ್ಡ ಪೂರ್ತಿ ಬೆಳ್ಳಗಾಗಿದೆ, ಬಾಯಿ ಮಾತ್ರ ಮೊದಲಿನ ಹಾಗೆಯೇ ಉಂಟು.

ಮೊನ್ನೆ ನಿಮ್ಮ ಅಣ್ಣನ ಮಗಳು ಸಿಂಥಿಯಾ ಬ್ಯಾಗಿಗೆ ಜಿಪ್ ಹಾಕಿಸಲು ಬಂದಿದ್ದಳು. ಮುಖ ನೋಡಿದ ಕೂಡಲೇ ಕೇಳಿದೆ, "ನೀನು ಬೇಳದ ವೆರೊನಿಕಾಳಿಗೆ ಎಂತ ಆಗಬೇಕು?" ನೀವು ಮೈಸೂರಿನಲ್ಲಿ ಸಿಸ್ಟರುಗಳ ಹೊಲಿಗೆ ಶಾಲೆಯಲ್ಲಿ ಟೀಚರ್ ಆಗಿರುವುದು ಅವಳಿಂದ ತಿಳಿಯಿತು. ಮದುವೆಯ ಗೋಜಿಗೇ ಹೋಗಲಿಲ್ಲವಂತೆ. ಒಳ್ಳೆಯದೇ ಮಾಡಿದಿರಿ ಬಿಡಿ, ಸಂಸಾರ ಎಂದರೆ ಬರೀ ತಲೆನೋವು. ಅವಳು ಫೋನ್ ನಂಬರನ್ನೂ ಕೊಟ್ಟಳು. ಆದರೆ ಫೋನಿನಲ್ಲಿ ನಾನು ನಾಲ್ಕು ತಮಾಷೆ ಮಾಡಿ ವಿಷಯ ಜಾರಿಸಿಬಿಡುತ್ತೇನೆ. ನನ್ನ ಬುದ್ಧಿ ನಿಮಗೆ ಗೊತ್ತಲ್ಲ. ಅದಕ್ಕೇ ಕಾಗದ.

ವಿಷಯ ಎಂತ ಎಂದರೆ, ಈ ಸಲ ನನಗೂ ರುಖಿಯಾಳಿಗೂ ಹಜ್ಜಿಗೆ ಹೆಸರು ಬಂದಿದೆ. ಮೇ ತಿಂಗಳಲ್ಲಿ ಕಣ್ಣೂರಿನಿಂದ ವಿಮಾನ. ಹೊರಡುವ ಮೊದಲು ನಮ್ಮವರು ಬಂಧುಗಳು, ನೆರೆಯವರು, ಗಿರಾಕಿಗಳು ಎಲ್ಲರ ಹತ್ತಿರ ಹೋಗಿ 'ಪೊರುತ್ತ' ಕೇಳುವುದನ್ನು ನೀವು ನೋಡಿದ್ದೀರಿ. ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪು ಮಾಡಿದ್ದರೆ ಮನ್ನಿಸಿಬಿಡಿ ಎಂದು ಕೈ ಹಿಡಿದು ಕೇಳುವುದು. ನಮಾಜು ತಪ್ಪಿಸಿದ್ದು, ರಂಜಾನಿನ ನೋಂಬು ಮುರಿದದ್ದು ಅಲ್ಲಾಹನಿಗೂ ನನಗೂ ಇರುವ ವಿಷಯ, ಅಳುತ್ತಾ ಕೇಳಿದರೆ ಅವನು ಮನ್ನಿಸುತ್ತಾನೆ. ಆದರೆ ಒಬ್ಬ ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯನೇ ಮನ್ನಿಸಬೇಕು. ಈಗಿನವರು ವಾಟ್ಸಾಪಿನಲ್ಲಿ ಒಂದೇ ಮೆಸೇಜನ್ನು ಊರಿಗೆಲ್ಲ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಗೊತ್ತಿದ್ದೋ ಗೊತ್ತಿಲ್ಲದೆಯೋ ಎಂದು ಹಾರಿಸಿ ಹೇಳುವ ಜನ ನಾನಲ್ಲ. ಗೊತ್ತಿರುವುದನ್ನು ಗೊತ್ತಿದ್ದೇ ಕೇಳುತ್ತೇನೆ.

ಅಡೂರಿನ ಭಟ್ಟರ ಮನೆಯ ಮದುಮಗಳ ರೇಷ್ಮೆ ರವಿಕೆ ನಿಮಗೆ ನೆನಪಿರಬೇಕು. ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನು ಅದರ ಮೇಲಿಟ್ಟು ಹೊರಗೆ ಇಲೆಕ್ಷನ್ ಜೀಪು ನೋಡುತ್ತಾ ನಿಂತವನು ನಾನು. ಬೆನ್ನಿನ ಜಾಗ ಕರಟಿಹೋಯಿತು. ಭಟ್ಟರ ಹೆಂಡತಿ ಬಂದಾಗ ನನ್ನ ಬಾಯಿಂದ ಬಂದದ್ದು, "ಈ ವೆರೊನಿಕಾ ಮಾಡಿದ್ದು ಅಮ್ಮಾ." ನೀವು ಬಟ್ಟೆ ತುಂಡಿನಲ್ಲಿ ಕಣ್ಣೊರೆಸಿಕೊಂಡಿರಿ. ಕೆಲವು ತಿಂಗಳಲ್ಲಿ ಕೆಲಸ ಬಿಟ್ಟು ಊರನ್ನೇ ಬಿಟ್ಟಿರಿ. ಅದೇ ಕಾರಣ ಎಂದು ನನಗೆ ಆವತ್ತೇ ಗೊತ್ತಿತ್ತು. ಇಷ್ಟು ವರ್ಷ ಇಸ್ತ್ರಿ ಕೈಗೆತ್ತಿಕೊಂಡಾಗಲೆಲ್ಲ ನಿಮ್ಮ ಮುಖ ನೆನಪಾಗುತ್ತದೆ. ದಯಮಾಡಿ ನನಗೆ ಪೊರುತ್ತ ಕೊಡಿ.

ನಿಮ್ಮ
ಹಸೈನಾರ್


ಮೈಸೂರು
27 ಜನವರಿ 2025

ಹಸೈನಾರಿಚ್ಚ,

ಇದೆಂತ 'ನೀವು' 'ಅವರು' ಎಂದೆಲ್ಲ? "ಏ ವೆರೊನಿಕಾ, ನನ್ನ ಕತ್ತರಿ ಎಲ್ಲಿ ಬಿಸಾಡಿದೆ" ಎಂದು ಬೊಬ್ಬೆ ಹೊಡೆದ ಬಾಯಿ ಇದು. ಮರ್ಯಾದೆ ಕೊಟ್ಟು ಬರೆದದ್ದು ಓದುವಾಗ ಯಾರದೋ ಕಾಗದ ಒಡೆದೆನೋ ಎಂದು ಹೆದರಿಕೆಯಾಯಿತು. 'ನೀನು' ಎಂದೇ ಬರೆಯಿರಿ.

ಹಜ್ಜಿಗೆ ಹೆಸರು ಬಂದದ್ದು ಸಂತೋಷ. ರುಖಿಯಾತ್ತಳಿಗೂ ಹೇಳಿ. ಅವರು ಅಕ್ಕಿ ಹಿಟ್ಟು ತಟ್ಟಿ ಕರಿದು ಕೊಡುತ್ತಿದ್ದ ನೈಪತ್ತಿರಿ ಇಲ್ಲಿ ಯಾರಿಗೂ ಮಾಡಲು ಬರುವುದಿಲ್ಲ.

ರವಿಕೆಯ ವಿಷಯ ಓದಿ ಒಬ್ಬಳೇ ನಕ್ಕೆ. ಆ ಭಟ್ಟರ ಹೆಂಡತಿ ನನ್ನನ್ನು ಹೊರಗೆ ಕರೆದು ಕೈ ಹಿಡಿದು ಎಂತ ಹೇಳಿದರು ಗೊತ್ತುಂಟಾ? "ನೀನು ಮಾಡಿದ್ದಲ್ಲ ಮಗಾ. ನಿನ್ನ ಯಜಮಾನನ ಮುಖ ನೋಡಿದರೇ ಗೊತ್ತಾಗ್ತದೆ." ಪೇಟೆಗೆಲ್ಲ ಗೊತ್ತಿತ್ತು ಮಾರಾಯರೇ. ನಿಮಗೆ ಸುಳ್ಳು ಹೇಳಲು ಯಾವತ್ತೂ ಬರುತ್ತಿರಲಿಲ್ಲ, ಕಿವಿ ಕೆಂಪಾಗುತ್ತಿತ್ತು. ಆವತ್ತು ಕಣ್ಣೊರೆಸಿದ್ದು ನಿಜ. ಮರುದಿನ ಮರೆತದ್ದೂ ನಿಜ.

ಇಸ್ತ್ರಿಯದ್ದು ಮನ್ನಿಸಿದ್ದೇನೆ. ಇಸ್ತ್ರಿಯದ್ದು ಮಾತ್ರ.

ಸಂಸಾರ ಎಂದರೆ ತಲೆನೋವು ಎಂದು ಬರೆದಿದ್ದೀರಿ. ಇರಬಹುದು. ಆ ತಲೆನೋವು ಹೇಗಿರುತ್ತದೆ ಎಂದು ನನಗೆ ಗೊತ್ತಾಗಲಿಲ್ಲ.

ವೆರೊನಿಕಾ


ಕುಂಬಳೆ
5 ಫೆಬ್ರವರಿ 2025

ಪ್ರೀತಿಯ ತಂಗಿ ವೆರೊನಿಕಾ,

ನಿನ್ನ ಕಾಗದ ಕೈಗೆ ಬಂದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರ ಎದುರಿಗೇ "ಅಲ್‌ಹಮ್ದುಲಿಲ್ಲಾಹ್" ಎಂದು ಕೂಗಿಬಿಟ್ಟೆ. ಪ್ಯಾಂಟಿನ ಅಳತೆ ಕೊಡುತ್ತಿದ್ದ ಹುಡುಗ ಬೆಚ್ಚಿಬಿದ್ದ. ಎದೆಯ ಮೇಲಿನ ಬಂಡೆ ಇಳಿಯಿತು. ಮನೆಗೆ ಹೋಗಿ ರುಖಿಯಾಳಿಗೆ ಓದಿ ಹೇಳಿದೆ. ಇನ್ನು ನಾನು ಹಗುರಾಗಿ ವಿಮಾನ ಹತ್ತಬಹುದು ಎಂದೆ.

ರುಖಿಯಾ ನಗಲಿಲ್ಲ. "ಇನ್ನೊಮ್ಮೆ ಓದಿ" ಎಂದಳು. ಓದಿದೆ. "ಇಸ್ತ್ರಿಯದ್ದು ಮಾತ್ರ ಅಂತ ಯಾಕೆ ಬರೆದದ್ದು? ಬೇರೆ ಎಂತದೋ ಉಂಟು. ನಿಮಗೆ ಗಂಡಸರಿಗೆ ಅಕ್ಷರ ಕಾಣ್ತದೆ, ಮಾತು ಕಾಣುವುದಿಲ್ಲ" ಎಂದು ಬೈದಳು.

ಆವತ್ತಿನಿಂದ ಯೋಚಿಸುತ್ತಾ ಇದ್ದೇನೆ. ಸಂಬಳ ತಡಮಾಡಿದವನಲ್ಲ. ಕೆಟ್ಟ ಕಣ್ಣಿನಿಂದ ನೋಡಿದವನಲ್ಲ, ಅದಕ್ಕೆ ಅಲ್ಲಾಹನೇ ಸಾಕ್ಷಿ. ಬೊಬ್ಬೆ ಹೊಡೆದದ್ದು ಹೌದು, ಅದಕ್ಕೆ ನೀನೂ ತಿರುಗಿ ಬೊಬ್ಬೆ ಹೊಡೆಯುತ್ತಿದ್ದೆ. ಬೇರೆ ಎಂತ ಎಂದು ಹೊಳೆಯುವುದೇ ಇಲ್ಲ. ರುಖಿಯಾ ಹೆಂಗಸರ ಹಾಗೆ ಇಲ್ಲದ್ದನ್ನು ಊಹಿಸುತ್ತಿದ್ದರೆ ಒಂದು ಗೆರೆ ಬರೆದು ತಿಳಿಸು. ಇದ್ದದ್ದು ಹೌದಾದರೆ ಅದನ್ನೂ ಬರೆ. ನಾನು ಎಂತ ಮಾಡಿದೆ?

ಹಸೈನಾರ್


ಮೈಸೂರು
8 ಮಾರ್ಚ್ 2025

ಹಸೈನಾರಿಚ್ಚ,

ಬರೆಯುವುದು ಬೇಡ ಎಂದು ತಿಂಗಳು ಕಳೆದೆ. ಈ ವರ್ಷ ನಿಮ್ಮ ನೋಂಬೂ ನಮ್ಮ ತಪಸ್ಸುಕಾಲವೂ ಒಟ್ಟಿಗೆ ಬಂದಿವೆ. ತೊಂಬತ್ತೆರಡರಲ್ಲಿಯೂ ಹೀಗೆಯೇ ಬಂದಿದ್ದವು. ಕ್ಯಾಲೆಂಡರಿನಲ್ಲಿ ಅದನ್ನು ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ಸೀತಾಂಗೋಳಿಯ ಜೇಕಬ್ ನಿಮಗೆ ನೆನಪಿರಬೇಕು. ವಯರಿಂಗ್ ಕೆಲಸ ಮಾಡುತ್ತಿದ್ದ ಎತ್ತರದ ಹುಡುಗ. ವರ್ಷಕ್ಕೆರಡು ಅಂಗಿ ಹೊಲಿಸುವವನು ಆ ವರ್ಷ ತಿಂಗಳಿಗೊಂದು ಹೊಲಿಸಿದ. ಅವನ ಕಾಲರನ್ನು ನಾನೇ ಹೊಲಿಯಬೇಕು ಎಂದು ಹಟ ಹಿಡಿಯುತ್ತಿದ್ದೆ. ನೀವು ಮೀಸೆಯಡಿಯಲ್ಲಿ ನಗುತ್ತಿದ್ದಿರಿ. ಈಸ್ಟರ್ ಕಳೆದ ಮೇಲೆ ಮದುವೆ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಮನೆಯವರು ಒಪ್ಪಬೇಕಿತ್ತು, ಅಷ್ಟೇ.

ಅವನ ಸೋದರಮಾವ ಇನ್ನೊಬ್ಬರನ್ನು ಕರೆದುಕೊಂಡು ವಿಚಾರಿಸಲು ಹೊರಟರು. ಇಗರ್ಜಿಯವರನ್ನು ಕೇಳಿದರೆ ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ, ಹುಡುಗಿ ಕೆಲಸ ಮಾಡುವಲ್ಲಿ ಕೇಳಿದರೆ ನಿಜ ಸಿಗುತ್ತದೆ ಎಂದು ನಿಮ್ಮ ಅಂಗಡಿಗೆ ಬಂದರು. ಆ ದಿನ ನಾನು ಇರಲಿಲ್ಲ. ನೀವು ಬಟ್ಟೆ ಕತ್ತರಿಸುತ್ತಿದ್ದಿರಂತೆ. ಹುಡುಗಿ ಹೇಗೆ ಎಂದು ಕೇಳಿದ್ದಕ್ಕೆ ತಲೆ ಎತ್ತಲಿಲ್ಲವಂತೆ. "ಅವಳ ವಿಷಯ ನನ್ನ ಹತ್ತಿರ ಕೇಳಬೇಡಿ. ನಾನು ಮಾತಾಡುವುದಿಲ್ಲ" ಎಂದಿರಂತೆ.

ನಮ್ಮ ಊರಿನಲ್ಲಿ ಇದರ ಅರ್ಥ ಎಂತ ಎಂದು ನಿಮಗೆ ಹೇಳಿಕೊಡಬೇಕಾ? ಹುಡುಗಿಯಲ್ಲಿ ಕುಂದು ಇದ್ದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮಗೆ ಅಷ್ಟು ಗೊತ್ತಿಲ್ಲ ಎನ್ನುತ್ತಾರೆ. ಬಂದವರಿಗೆ ಅಷ್ಟು ಸಾಕು, ಚಾ ಕೂಡ ಕುಡಿಯದೆ ಏಳುತ್ತಾರೆ. ಅದರ ಮೇಲೆ ನೀವು ಯಜಮಾನರು, ನಾನು ಏಳು ವರ್ಷ ನಿಮ್ಮ ಅಂಗಡಿಯಲ್ಲಿದ್ದ ಹುಡುಗಿ. ನೀವು ಬೈದಿದ್ದರೂ ಇಷ್ಟು ಕೆಟ್ಟದಾಗುತ್ತಿರಲಿಲ್ಲ. ನೀವು ತಲೆ ತಗ್ಗಿಸಿದಿರಿ. ಅವರು ಯೋಚಿಸಿದ್ದು ಎಂತ ಎಂದು ಬಿಡಿಸಿ ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ.

ಜೇಕಬನೇ ಬಸ್ ಸ್ಟ್ಯಾಂಡಿನಲ್ಲಿ ನನಗೆ ಹೇಳಿದ್ದು. "ಮಾವ ಬೇಡ ಅಂದರು. ನಿನ್ನ ಯಜಮಾನನೇ ನಿನ್ನ ವಿಷಯ ಮಾತಾಡ್ಲಿಕ್ಕೆ ಒಪ್ಪಲಿಲ್ಲವಂತೆ. ಎಂತ ವಿಷಯ ಅದು?" ಎಂತ ವಿಷಯ ಎಂದು ಅವನು ನನ್ನನ್ನು ಕೇಳಿದನಲ್ಲ, ಅದು ಸಾಕಾಯಿತು. ನಾನು ಬೆನ್ನು ತಿರುಗಿಸಿ ನಡೆದೆ. ಮುಂದಿನ ವರ್ಷ ಅವನಿಗೆ ಬೇರೆ ಕಡೆ ಮದುವೆಯಾಯಿತು. ನಾನು ಮೈಸೂರಿನ ಬಸ್ಸು ಹತ್ತಿದ್ದು ಇದಕ್ಕೆ, ರವಿಕೆಗಾಗಿ ಅಲ್ಲ.

ನೀವು ಯಾಕೆ ಹಾಗೆ ಮಾಡಿದಿರಿ ಎಂದು ನನಗೆ ಗೊತ್ತು. ಪೆರ್ನಾಲ್ ಹಬ್ಬದ ಹೊಲಿಗೆ ಮಾಡಿನವರೆಗೆ ರಾಶಿ ಬಿದ್ದಿತ್ತು. ಮದುವೆಯಾದರೆ ಹೊಲಿಯುವ ಕೈ ತಪ್ಪಿಹೋಗುತ್ತದೆ ಎಂದು ಹೆದರಿದಿರಿ. ಆಗಲಿ. ಆದರೆ ನೀವು ಅದನ್ನು ಮರೆತೇ ಬಿಟ್ಟಿದ್ದೀರಿ ಎಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಮೊದಲ ಕಾಗದ ಒಡೆಯುವಾಗ, ಕೊನೆಗೂ ಇದನ್ನು ಕೇಳಲು ಬರೆದಿದ್ದಾರೆ ಎಂದುಕೊಂಡು ಕುರ್ಚಿ ಎಳೆದು ಕೂತಿದ್ದೆ. ಒಳಗೆ ನೋಡಿದರೆ ರವಿಕೆ.

ವೆರೊನಿಕಾ


ಕುಂಬಳೆ
17 ಮಾರ್ಚ್ 2025

ವೆರೊನಿಕಾ,

ನಾನು ಹಾಗೆ ಹೇಳಿರಲಿಕ್ಕಿಲ್ಲ ಎಂದು ಒಂದು ಕಾಗದ ಬರೆದು ಹರಿದು ಹಾಕಿದೆ. ರುಖಿಯಾಳೇ ನೆನಪು ಮಾಡಿದಳು. "ಆ ವರ್ಷ ನೀವು ಬಾಯಿಗೆ ಬೀಗ ಹಾಕಿದ್ದು ಮರೆತದ್ದಾ?" ಎಂದಳು. ಆಮೇಲೆ ಎಲ್ಲ ಒಂದೊಂದಾಗಿ ನೆನಪಾಯಿತು. ಇಬ್ಬರು ಬಂದದ್ದು, ಒಬ್ಬರ ಕೈಯಲ್ಲಿ ಉದ್ದದ ಕೊಡೆ ಇದ್ದದ್ದು, ನನಗೆ ಬಾಯಾರಿಕೆಯಿಂದ ತಲೆ ತಿರುಗುತ್ತಿದ್ದದ್ದು.

ನೀನು ತಿಳಿದದ್ದು ತಪ್ಪು. ಆದರೆ ನಿಜ ಎಂತ ಎಂದು ಬರೆಯುವುದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ.

ಆ ರಂಜಾನಿನ ಮೊದಲು ನಮ್ಮ ಪಳ್ಳಿಯಲ್ಲಿ ಒಬ್ಬರು ಮುಸ್ಲಿಯಾರರು ಪ್ರಸಂಗ ಮಾಡಿದ್ದರು. ಒಬ್ಬರ ಬೆನ್ನ ಹಿಂದೆ ಅವರ ವಿಷಯ ಆಡುವುದು ಸತ್ತ ಅಣ್ಣನ ಮಾಂಸ ತಿಂದ ಹಾಗೆ, ನೋಂಬಿನ ಪುಣ್ಯ ಎಲ್ಲ ಅದರಲ್ಲಿ ಹೋಗುತ್ತದೆ ಎಂದರು. ನನ್ನ ನಾಲಿಗೆ ನಿನಗೆ ಗೊತ್ತು. ಹೆದರಿಕೊಂಡೆ. ಈ ತಿಂಗಳು ಮುಗಿಯುವವರೆಗೆ ಯಾರ ವಿಷಯವನ್ನೂ ಒಳ್ಳೆಯದೋ ಕೆಟ್ಟದ್ದೋ ಮಾತಾಡುವುದಿಲ್ಲ ಎಂದು ಮನಸ್ಸಿನಲ್ಲಿ ಹರಕೆ ಹೊತ್ತೆ. ಅವರು ಕೇಳಿದರು, ನಾನು ನನ್ನ ಹರಕೆ ಕಾಪಾಡಿಕೊಂಡೆ. ಅವರು ಹೋದ ಮೇಲೆ, ಈವತ್ತು ಒಂದು ಪರೀಕ್ಷೆಯಲ್ಲಿ ಗೆದ್ದೆ ಎಂದು ಸಂತೋಷಪಟ್ಟದ್ದು ಕೂಡ ನೆನಪಾಗುತ್ತದೆ. ಆ ಸಂಜೆ ಖರ್ಜೂರ ಬಾಯಿಗಿಟ್ಟು ನೋಂಬು ಬಿಡುವಾಗ ನಾನು ಬಹಳ ಒಳ್ಳೆಯ ಮನುಷ್ಯ ಎಂದುಕೊಂಡಿದ್ದೆ. ನೀನು ಬಸ್ ಸ್ಟ್ಯಾಂಡಿನಲ್ಲಿ ನಿಂತದ್ದು ನನಗೆ ಗೊತ್ತಿಲ್ಲ.

ಈಗಿನ ಉಸ್ತಾದರ ಹತ್ತಿರ ಹೋಗಿ ಕೇಳಿದೆ. ನನ್ನ ಮಗನಿಗಿಂತಲೂ ಚಿಕ್ಕವರು. ಅವರು ಹೇಳಿದರು, "ಮದುವೆಗೆ ವಿಚಾರಿಸಿ ಬಂದಾಗ ಗೊತ್ತಿದ್ದದ್ದನ್ನು ಗೊತ್ತಿದ್ದ ಹಾಗೆ ಹೇಳಬೇಕು ಕಾಕಾ. ಅದು ಚಾಡಿ ಅಲ್ಲ, ನಂಬಿ ಕೇಳಿದವರ ಹಕ್ಕು. ಒಳ್ಳೆಯದನ್ನು ಮುಚ್ಚಿಟ್ಟರೆ ಎಂತ ಪುಣ್ಯ?" ಅಲ್ಲಾಹನು ರಹ್‌ಮಾನ್ ಅಲ್ಲವಾ, ಕರುಣಾಳು ಅಲ್ಲವಾ, ಗೊತ್ತಿಲ್ಲದೆ ಮಾಡಿದ್ದಲ್ಲವಾ ಎಂದು ಕೇಳಿದೆ. "ಅವನ ಕರುಣೆಗೆ ಕೊನೆ ಇಲ್ಲ. ಆದರೆ ಆ ಹೆಂಗಸಿನ ಹಕ್ಕನ್ನು ಅವಳ ಕೈಯಲ್ಲೇ ಬಿಟ್ಟಿದ್ದಾನೆ" ಎಂದರು. ಗೊತ್ತಿದ್ದೋ ಗೊತ್ತಿಲ್ಲದೆಯೋ ಎಂದು ಕೇಳುವವರನ್ನು ನಾನು ಹಾಸ್ಯ ಮಾಡಿದ್ದೆನಲ್ಲ!

ನಾನು ಸೀತಾಂಗೋಳಿಗೆ ಹೋಗಿ ಜೇಕಬನ ಹತ್ತಿರ ನಿಜ ಹೇಳಿ ಬರಲಾ? ಬೇಕಾದರೆ ಅವರ ಇಗರ್ಜಿಯ ಅಂಗಳದಲ್ಲಿ ನಿಂತು ಹೇಳುತ್ತೇನೆ. ಇಲ್ಲದಿದ್ದರೆ ಹಜ್ಜಿನ ಸೀಟು ಬಿಟ್ಟುಕೊಡುತ್ತೇನೆ. ನಿನ್ನ ಪೊರುತ್ತ ಇಲ್ಲದೆ ಅಲ್ಲಿ ಹೋಗಿ ನಾನು ಯಾವ ಮುಖದಿಂದ ನಿಲ್ಲಲಿ? ನೀನು ಹೇಳಿದ ಹಾಗೆ ಮಾಡುತ್ತೇನೆ.

ಹಸೈನಾರ್


ಮೈಸೂರು
22 ಏಪ್ರಿಲ್ 2025

ಹಸೈನಾರಿಚ್ಚ,

ಜೇಕಬನ ಮನೆಯ ಮೆಟ್ಟಿಲು ಹತ್ತಿದಿರೋ ಜಾಗ್ರತೆ. ಅವನಿಗೆ ಹೆಂಡತಿ ಉಂಟು, ಮದುವೆ ಪ್ರಾಯದ ಮಕ್ಕಳು ಉಂಟು. ನಿಮ್ಮ ಮನಸ್ಸು ಹಗುರ ಮಾಡಲು ಅವರ ಮನೆಯೊಳಗೆ ಬೆಂಕಿ ಹಾಕಬೇಡಿ. ಮೊದಲು ಬಾಯಿ ಮುಚ್ಚಿ ಒಂದು ಮನೆ ತಪ್ಪಿಸಿದಿರಿ, ಈಗ ಬಾಯಿ ತೆರೆದು ಇನ್ನೊಂದು ಕೆಡಿಸುವುದಾ?

ನಿಮ್ಮ ಕಾಗದ ಓದಿ ಎರಡು ದಿನ ಶಾಲೆಯಲ್ಲಿ ಹುಡುಗಿಯರು ಹೊಲಿದದ್ದರಲ್ಲೆಲ್ಲ ತಪ್ಪು ಹುಡುಕಿ ಬಿಚ್ಚಿಸಿದೆ. ಸ್ವಾರ್ಥಕ್ಕೆ ಮಾಡಿದ್ದೀರಿ ಎಂದು ನಾನು ಇಷ್ಟು ವರ್ಷ ಸಿಟ್ಟು ಇಟ್ಟುಕೊಂಡಿದ್ದೆ. ಹಬ್ಬದ ಹೊಲಿಗೆ, ವ್ಯಾಪಾರ, ಮನುಷ್ಯ ಅಲ್ಲವಾ ಎಂದು ಒಂದು ದಿನ ಮನ್ನಿಸಿಯೇನು ಎಂದೂ ಅನಿಸುತ್ತಿತ್ತು. ಈಗ ನೋಡಿದರೆ ಪುಣ್ಯಕ್ಕೆ ಮಾಡಿದ್ದು! ನಿಮ್ಮ ನೋಂಬು ಶುದ್ಧವಾಗಿರಬೇಕು ಎಂದು ನನ್ನ ಹೆಸರು ಹಾಳಾಯಿತು. ಇದನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ ಹೇಳಿ. ನನಗೆ ಇದು ಹೆಚ್ಚು ಉರಿಯಿತು.

ನನ್ನದೂ ಒಂದು ಉಂಟು, ಬರೆದುಬಿಡುತ್ತೇನೆ. ಮರುದಿನ ಅಂಗಡಿಗೆ ಬಂದಾಗ ಎಂತಕ್ಕೆ ಹೀಗೆ ಹೇಳಿದಿರಿ ಎಂದು ನಾನು ಒಂದು ಮಾತು ಕೇಳಿದ್ದರೆ, ನೀವು ಚಪ್ಪಲಿ ಹಾಕದೆ ಸೀತಾಂಗೋಳಿಗೆ ಓಡುತ್ತಿದ್ದಿರಿ. ಅಷ್ಟು ನಿಮ್ಮನ್ನು ಬಲ್ಲೆ. ಕೇಳಲಿಲ್ಲ. ಸೆಟೆದುಕೊಂಡು ಹೊಲಿದೆ. ಹಬ್ಬದ ಬಟ್ಟೆ ಎಲ್ಲ ಮುಗಿಸಿ ಕೊಟ್ಟು ಹೋದೆ, ನನ್ನಿಂದ ಒಂದು ಗುಂಡಿಯೂ ಬಾಕಿ ಇರಬಾರದು ಎಂದು. ಆ ಸೊಕ್ಕು ನೆನೆದರೆ ಈಗ ಸಂಕಟವಾಗುತ್ತದೆ.

ನಮ್ಮಲ್ಲಿ ಪಾದ್ರಿಯ ಕಿವಿಯಲ್ಲಿ ಪಾಪ ಹೇಳಿ ಎದ್ದು ಬರಬಹುದು. ನಿಮ್ಮಲ್ಲಿ ನೊಂದವರ ಎದುರಿಗೇ ಬರಬೇಕು, ಅದು ಕಷ್ಟ ಉಂಟು. ಈಸ್ಟರಿಗೆ ಮೊದಲು ನಾನೂ ಹೋಗಿದ್ದೆ. ಒಬ್ಬರನ್ನು ಮನ್ನಿಸಲು ಆಗುವುದಿಲ್ಲ ಫಾದರ್ ಎಂದೆ. ಪ್ರಯತ್ನ ಮಾಡಮ್ಮಾ ಎಂದರು. ಮಾಡಿದೆ. ಮನ್ನಿಸಿದ್ದೇನೆ ಎಂದು ಬರೆಯಲು ಕೂತೆ. ಸುಳ್ಳು ಬರೆಯಲು ಕೈ ಬರಲಿಲ್ಲ. ಹಬ್ಬವೂ ಕಳೆಯಿತು, ಇನ್ನೂ ಬರುವುದಿಲ್ಲ.

ಸೀಟು ಬಿಡಬೇಡಿ. ನಿಮ್ಮ ಹಜ್ಜು ತಪ್ಪಿಸಿದ ಪಾಪವನ್ನು ನನ್ನ ತಲೆಗೆ ಕಟ್ಟಬೇಡಿ, ರುಖಿಯಾತ್ತ ಎಂತ ಮಾಡಿದ್ದಾರೆ? ಹೋಗಿ. ಅಲ್ಲಿ ನಿಮ್ಮ ದೇವರ ಹತ್ತಿರ ನಿಮಗಾಗಿ ಕೇಳುವುದನ್ನು ಕೇಳಿ. ಆಮೇಲೆ ನನಗೂ ಒಂದು ಕೇಳಿ. ವೆರೊನಿಕಾಳಿಗೆ ಮನ್ನಿಸುವ ಮನಸ್ಸು ಕೊಡು ಎಂದು ಕೇಳಿ. ನನ್ನೊಬ್ಬಳಿಂದಲೇ ಆಗುತ್ತಿಲ್ಲ. ಕರುಣೆಗೆ ಕೊನೆ ಇಲ್ಲ ಎಂದಿದ್ದಾರಲ್ಲ ನಿಮ್ಮ ಉಸ್ತಾದರು, ಅದರಲ್ಲಿ ಸ್ವಲ್ಪ ಈ ಕಡೆಗೂ ಕಳಿಸಲಿ.

ವೆರೊನಿಕಾ


ಮಕ್ಕಾ
9 ಜೂನ್ 2025

ಪ್ರೀತಿಯ ತಂಗಿ ವೆರೊನಿಕಾ,

ಊರಿಗೆ ಬೇಗ ಹಿಂತಿರುಗುವ ಉಪ್ಪಳದವರೊಬ್ಬರ ಕೈಯಲ್ಲಿ ಈ ಕಾಗದ ಕೊಡುತ್ತೇನೆ, ಅವರು ಅಲ್ಲಿ ಟಪಾಲಿಗೆ ಹಾಕುತ್ತಾರೆ. ರುಖಿಯಾಳ ಕಾಲು ಊದಿದೆ, ಉಳಿದಂತೆ ಸೌಖ್ಯ. ಹೊರಡುವ ಗಡಿಬಿಡಿಯಲ್ಲಿ ನಿನಗೆ ಉತ್ತರ ಬರೆಯಲಿಲ್ಲ. ಎಂತ ಬರೆಯುವುದು ಎಂದೂ ಗೊತ್ತಾಗಲಿಲ್ಲ.

ಮೊನ್ನೆ ಗುರುವಾರ ಅರಫಾ ಬಯಲಿನಲ್ಲಿದ್ದೆವು. ಹಜ್ಜು ಎಂದರೆ ಆ ಒಂದು ದಿನವೇ. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಎಲ್ಲರೂ ಕೈ ಎತ್ತಿ ಬೇಡುತ್ತಾರೆ, ಬೇಡಿದವರನ್ನು ಅವನು ಬರಿಗೈಯಲ್ಲಿ ಕಳಿಸುವುದಿಲ್ಲ ಎಂದು ನಮ್ಮ ನಂಬಿಕೆ. ಬಿಸಿಲು ಎಂದರೆ ನಮ್ಮ ಊರಿನ ಏಪ್ರಿಲ್ ತಿಂಗಳಿಗೆ ನಾಲ್ಕು ಪಾಲು. ನನ್ನ ಬದಿಯಲ್ಲಿ ಒಬ್ಬ ಮುದುಕ ಯಾವುದೋ ಭಾಷೆಯಲ್ಲಿ ಮಗುವಿನ ಹಾಗೆ ಅಳುತ್ತಿದ್ದ. ಎಲ್ಲರೂ ಅಳುತ್ತಿದ್ದರು. ನಮ್ಮ ಗುಂಪಿನ ಅಮೀರರು ಅರಬಿಯಲ್ಲಿ ದುಆ ಹೇಳಿಕೊಡುತ್ತಿದ್ದರು. ಸ್ವಲ್ಪ ಹೊತ್ತು ಹಿಂದಿನಿಂದ ಹೇಳಿದೆ. ಆಮೇಲೆ ನಾಲಿಗೆ ನಿಂತುಹೋಯಿತು. ನಾನು ಎದ್ದು ಟೆಂಟಿನ ಹೊರಗೆ ಹೋಗಿ ನಿಂತೆ.

ನನಗಾಗಿ ಕೇಳು ಎಂದು ನೀನು ಬರೆದಿದ್ದೆ. ಆದರೆ ನನಗಾಗಿ ಕೇಳಲು ಬಾಯಿ ಬರಲಿಲ್ಲ. ನಿನಗಾಗಿ ಕೇಳಲು ಹೊರಟರೆ, ಯಾವ ವೆರೊನಿಕಾ, ಅವಳು ಯಾರು, ಹೇಗೆ ಎಂದು ಯಾರೋ ಎದುರು ನಿಂತು ಕೇಳಿದ ಹಾಗಾಯಿತು. ಅಲ್ಲಾಹನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಆದರೂ ನಾನು ಹೇಳಿದೆ. ಕನ್ನಡದಲ್ಲಿಯೇ ಹೇಳಿದೆ. "ಒಳ್ಳೆಯ ಹುಡುಗಿ ರಬ್ಬೇ. ನನ್ನ ಅಂಗಡಿಯಲ್ಲಿ ಏಳು ವರ್ಷ ಇದ್ದಳು, ನನಗೆ ಚೆನ್ನಾಗಿ ಗೊತ್ತು. ಗಿರಾಕಿಯ ಬಟ್ಟೆಯ ಒಂದು ಚೂರನ್ನೂ ಮನೆಗೆ ಕೊಂಡುಹೋದವಳಲ್ಲ. ಬಾಯಿ ಸ್ವಲ್ಪ ಜೋರು, ಮನಸ್ಸಿನಲ್ಲಿ ಕಸ ಇಲ್ಲ. ನನ್ನ ಮಗಳಿಗೆ ಜ್ವರ ಬಂದಾಗ ರುಖಿಯಾಳಿಗಿಂತ ಹೆಚ್ಚು ಇವಳೇ ಎತ್ತಿಕೊಂಡದ್ದು. ನನ್ನ ತಂಗಿಯ ಹಾಗೆ ಇದ್ದಳು, ಬೇರೆ ಯಾವ ಮಾತೂ ಇಲ್ಲ. ಈ ಹುಡುಗಿ ಯಾವ ಮನೆಗೆ ಹೋಗುತ್ತಾಳೋ ಆ ಮನೆಯವರು ಪುಣ್ಯ ಮಾಡಿರಬೇಕು." ಇದನ್ನೇ ತಿರುಗಿ ತಿರುಗಿ ಹೇಳಿದೆ. ಯಾರೂ ಕೇಳದಿದ್ದರೂ ಹೇಳಿದೆ. ಹೊತ್ತು ಮುಳುಗಿಯೇ ಹೋಯಿತು. ನನ್ನ ಪಾಪಗಳಿಗೆ ಮಾಫಿ ಕೇಳುವುದು ಅಲ್ಲಿಗೆ ಅರ್ಧದಲ್ಲೇ ಉಳಿಯಿತು.

ನಿನಗೆ ಮನ್ನಿಸುವ ಮನಸ್ಸು ಕೊಡು ಎಂದು ಕೇಳಿದೆನೋ ಇಲ್ಲವೋ ಸರಿಯಾಗಿ ನೆನಪಿಲ್ಲ. ಕೇಳಿರಬೇಕು. ನೀನು ಮನ್ನಿಸದಿದ್ದರೂ ನನ್ನ ದೂರು ಇಲ್ಲ. ಅದು ನಿನ್ನ ಹಕ್ಕು.

ಹಸೈನಾರ್


ಮೈಸೂರು
14 ಜುಲೈ 2025

ಹಸೈನಾರಿಚ್ಚ,

ಕಾಗದ ಸಿಕ್ಕಿತು. ಶಾಲೆಯ ಹುಡುಗಿಯರು ಊಟಕ್ಕೆ ಹೋಗಿದ್ದಾಗ ಕ್ಲಾಸಿನಲ್ಲಿ ಕೂತು ಓದಿದೆ. ಅವರು ಹಿಂತಿರುಗಿ ಬಂದರೂ ನನಗೆ ಪಾಠ ಶುರು ಮಾಡಲು ಆಗಲಿಲ್ಲ. ಟೀಚರಿಗೆ ಎಂತಾಯಿತು ಎಂದು ಅವರೇ ಹೆದರಿದರು.

ಪೊರುತ್ತ ಕೊಟ್ಟಿದ್ದೇನೆ. ಎಲ್ಲದಕ್ಕೂ. ಈ ಸಲ ಬರೆಯಲು ಕೈ ತಡೆಯಲಿಲ್ಲ. ರುಖಿಯಾತ್ತಳ ಕಾಲಿಗೆ ಬಿಸಿನೀರಿನ ಶಾಖ ಕೊಡಿ.

ನೀವು ಅಲ್ಲಿ ನಿಂತು ಹೇಳಿದ ಮಾತುಗಳನ್ನು ನಾನು ಒಂದೊಂದಾಗಿ ಓದಿದೆ. ಎಷ್ಟು ಚೆನ್ನಾಗಿ ಹೇಳಿದ್ದೀರಿ! ಆ ದಿನ ಅಂಗಡಿಗೆ ಬಂದವರಿಗೆ ಇಷ್ಟೆಲ್ಲ ಬೇಕಿರಲಿಲ್ಲ ಹಸೈನಾರಿಚ್ಚ. 'ಒಳ್ಳೆಯ ಹುಡುಗಿ' ಎಂಬ ಮೊದಲನೆಯ ಮಾತು ಒಂದೇ ಸಾಕಿತ್ತು.

ವೆರೊನಿಕಾ